ಉಪ್ಪಿನಲ್ಲಿದ್ದ ಅಯೋಡಿನ್

ಮೊದಲ ವರ್ಷದ ಪಿಯುಸಿ ಮಕ್ಕಳಿಗೆ ಐಸೋಟೋಪು ಪಾಠ ಮಾಡುವಾಗ ನನಗೆ ಪ್ರತಿವರ್ಷ ಸಿಟ್ಟು ಬರುತ್ತದೆ. ಪಾಠ ಕಷ್ಟವೆಂದಲ್ಲ, ಅದು ತೀರಾ ಸುಲಭ ಎಂದು ಎಲ್ಲರೂ ತಿಳಿದುಕೊಂಡಿರುತ್ತಾರಲ್ಲ, ಅದಕ್ಕೆ. "ಒಂದೇ ಪರಮಾಣು ಸಂಖ್ಯೆ, ಬೇರೆ ಬೇರೆ ದ್ರವ್ಯರಾಶಿ ಸಂಖ್ಯೆ" ಎಂದು ಗಿಳಿಯ ಹಾಗೆ ಒಪ್ಪಿಸುತ್ತಾರೆ. ಹಾಗೆಂದರೇನು ಎಂದು ಕೇಳಿದರೆ ತರಗತಿಗೆ ತರಗತಿಯೇ ತಲೆ ಎತ್ತಿ ಫ್ಯಾನ್ ನೋಡುತ್ತದೆ. ಆ ಫ್ಯಾನಾದರೂ ತಿರುಗುತ್ತಿರುತ್ತದೆಯೇ ಎಂದರೆ ಅದೂ ಇಲ್ಲ.

ನನ್ನ ಹೆಸರು ಶ್ರೀಕೃತಿ. ಸಿರುಗುಪ್ಪದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆ ಬಳ್ಳಾರಿಯಲ್ಲಿ. ಗಂಡ ವಿಶ್ವಪ್ರಿಯ ಕುರುಗೋಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಅವರದೊಂದು ಬಸ್ಸು, ನನ್ನದೊಂದು ಬಸ್ಸು. ಮನೆಯಲ್ಲಿ ಉಳಿಯುವುದು ನನ್ನ ಅತ್ತೆ ತಿರುಮಲಮ್ಮ, ಅವರ ಮಡಿ ಮತ್ತು ಅವರ ಅಡುಗೆಮನೆ. ಮೂರಕ್ಕೂ ನಾನು ಮದುವೆಯಾಗಿ ಬಂದಾಗಿನಿಂದ ಹೆದರಿಕೊಂಡೇ ಬಂದಿದ್ದೇನೆ, ಆದರೆ ಹೆದರಿಕೆಯನ್ನು ತೋರಿಸಿಕೊಂಡವಳಲ್ಲ.

ಈ ವರ್ಷ ಐಸೋಟೋಪು ಪಾಠಕ್ಕೆ ನಿಂತಾಗ ನನಗೆ ಗಂಟಲೇ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿತ್ತು. ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್. ಆ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಗಂಟು" ಎನ್ನುತ್ತಾರೆ. ಬೆಂಗಳೂರಿನ ಡಾಕ್ಟರು ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ದನಿಯ ನರಕ್ಕೆ ಸ್ವಲ್ಪ ಪೆಟ್ಟಾಗಿ, ಮಾತಾಡಿದರೆ ಹರಿದ ಬಟ್ಟೆ ಎಳೆದ ಹಾಗೆ ಕೇಳಿಸುತ್ತಿತ್ತು. ಮೈಕು ಕೊಡಿಸಿ ಎಂದು ಪ್ರಾಂಶುಪಾಲರನ್ನು ಕೇಳಿದ್ದಕ್ಕೆ ಅರ್ಜಿ ಬರೆಯಿರಿ ಎಂದರು. ಅರ್ಜಿಗೆ ಬದಲು ಮಕ್ಕಳನ್ನೇ ಮುಂದಿನ ಬೆಂಚುಗಳಿಗೆ ಒತ್ತಿ ಕೂರಿಸಿದೆ.

ಕ್ಲೋರಿನ್‌ನ ಪರಮಾಣು ತೂಕ ಮೂವತ್ತೈದೂವರೆ ಎಂದು ಬೋರ್ಡಿನ ಮೇಲೆ ಬರೆದೆ. ಅಂಜಿನೇಯ ಎಂಬುವನು ಎದ್ದು ನಿಂತ.

"ಮೇಡಂ, ಅರ್ಧ ನ್ಯೂಟ್ರಾನ್ ಎಲ್ಲೈತ್ರಿ?"

ಎಲ್ಲರೂ ನಕ್ಕರು. ನನಗೆ ಮಾತ್ರ ಖುಷಿಯಾಯಿತು, ಒಬ್ಬನಾದರೂ ಫ್ಯಾನ್ ಬಿಟ್ಟು ಬೋರ್ಡ್ ನೋಡಿದನಲ್ಲ. ಅರ್ಧ ನ್ಯೂಟ್ರಾನ್ ಎಲ್ಲೂ ಇಲ್ಲ ಎಂದೆ. ಮೂವತ್ತೈದು ತೂಗುವ ಕ್ಲೋರಿನ್ ಇದೆ, ಮೂವತ್ತೇಳು ತೂಗುವ ಕ್ಲೋರಿನ್ ಇದೆ, ಮೊದಲನೆಯದು ನಾಲ್ಕರಲ್ಲಿ ಮೂರು ಪಾಲು. ಒಟ್ಟು ಸರಾಸರಿ ತೆಗೆದರೆ ಮೂವತ್ತೈದೂವರೆ. ಆದರೆ ಅಷ್ಟೇ ತೂಗುವ ಕ್ಲೋರಿನ್ ಪರಮಾಣು ಲೋಕದಲ್ಲಿ ಒಂದೂ ಸಿಗುವುದಿಲ್ಲ. "ನಿಮ್ಮೂರಾಗ ಮನಿಗೆ ಎರಡೂವರೆ ಎತ್ತು ಅಂತ ಲೆಕ್ಕ ಬಂದ್ರ, ಅರ್ಧ ಎತ್ತು ಯಾರ ಕೊಟ್ಟಿಗ್ಯಾಗ ಇರ್ತದ?" ಎಂದಾಗ ರೈತರ ಮಕ್ಕಳಿಗೆ ತಟ್ಟನೆ ತಿಳಿಯಿತು.

ಹಚ್ಚೊಳ್ಳಿಯಿಂದ ಬರುವ ಪಂಪಾವತಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಕೂತಿದ್ದಳು.

"ತೂಕ ಬ್ಯಾರೆ ಅದಾವು ಅಂದಮ್ಯಾಗ ಅವು ಬ್ಯಾರೆ ಬ್ಯಾರೆನ ಅಲ್ಲೇನ್ರಿ ಮೇಡಂ? ಒಂದೇ ಅಂತ ಹೆಂಗ ಅನ್ನಾದು?"

"ಪ್ರೋಟಾನ್ ಎಣಿಸಿ ಅನ್ನೋದು. ಹದಿನೇಳು ಪ್ರೋಟಾನ್ ಇದ್ರ ಅದು ಕ್ಲೋರಿನ್. ನ್ಯೂಟ್ರಾನ್ ಹದಿನೆಂಟು ಇರಲಿ, ಇಪ್ಪತ್ತು ಇರಲಿ, ಅದು ಬರೇ ಭಾರ. ಕ್ಲೋರಿನ್ ಮಾಡೋ ಕೆಲಸ ಎರಡೂ ಮಾಡ್ತಾವ."

"ಹಂಗಾರ ಉಪ್ಪಿಗೆ ಗೊತ್ತಾಗಂಗಿಲ್ಲೇನ್ರಿ, ತನ್ನೊಳಗ ಯಾವ ಕ್ಲೋರಿನ್ ಐತಿ ಅಂತ?"

"ಗೊತ್ತಾಗಂಗಿಲ್ಲ. ನಿನಗೂ ಗೊತ್ತಾಗಂಗಿಲ್ಲ. ಎರಡೂ ಉಂಡು ಬಂದೀದಿ."

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಅದೇನು ಹುಚ್ಚೋ, ನನ್ನ ಕಥೆಯನ್ನೇ ಹೇಳಿಬಿಟ್ಟೆ. ನನ್ನ ಕುತ್ತಿಗೆಯಲ್ಲಿ ಇನ್ನೂ ಒಂದಷ್ಟು ಕೆಟ್ಟ ಜೀವಕೋಶಗಳು ಉಳಿದಿರಬಹುದು, ಅವು ಚಾಕುವಿಗೆ ಸಿಗುವುದಿಲ್ಲ, ಆದರೆ ಅಯೋಡಿನ್ ಎಂದರೆ ಬಾಯಿ ಬಿಡುತ್ತವೆ. ಉಪ್ಪಿನಲ್ಲಿರುವ ಅಯೋಡಿನ್ ನೂರಾ ಇಪ್ಪತ್ತೇಳು. ನನಗೆ ಮುಂದಿನ ತಿಂಗಳು ನುಂಗಿಸುವುದು ನೂರಾ ಮೂವತ್ತೊಂದು. ಪ್ರೋಟಾನ್ ಐವತ್ತಮೂರೇ, ನ್ಯೂಟ್ರಾನ್ ನಾಲ್ಕು ಹೆಚ್ಚು. ಆ ನಾಲ್ಕರ ಭಾರ ತಾಳಲಾರದೆ ಅದು ಒಡೆಯುತ್ತದೆ, ಒಡೆಯುವಾಗ ಪಕ್ಕದಲ್ಲಿದ್ದುದನ್ನು ಸುಡುತ್ತದೆ.

ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ. "ಅರಾಮ ಆಗ್ತೀರಿ ಬಿಡ್ರಿ ಮೇಡಂ" ಎಂದು ಪಂಪಾವತಿ ಹೇಳಿದ ಮೇಲೆ ನನಗೇ ಅಲ್ಲಿ ನಿಲ್ಲಲಾಗದೆ ಡಸ್ಟರ್ ಮರೆತು ಸ್ಟಾಫ್ ರೂಮಿಗೆ ಬಂದೆ.

ಚಿಕಿತ್ಸೆಗೆ ಮೊದಲು ಮಾಡಬೇಕಾದ್ದು ಎರಡಿತ್ತು. ದಿನಾ ನುಂಗುವ ಥೈರಾಯ್ಡ್ ಮಾತ್ರೆಯನ್ನು ಬಿಡಬೇಕು. ಬಿಟ್ಟರೆ ಮೈ ಭಾರವಾಗುತ್ತದೆ, ಚಳಿಯಾಗುತ್ತದೆ, ಮುಖ ಊದುತ್ತದೆ, ಯೋಚನೆಯೂ ನಿಧಾನ. ಬಳ್ಳಾರಿಯ ಬಿಸಿಲಲ್ಲಿ ನಾನು ಸ್ವೆಟರ್ ಹಾಕಿಕೊಂಡು ಬಸ್ ಹತ್ತುತ್ತಿದ್ದೆ, ಕಂಡಕ್ಟರು ಚಿಲ್ಲರೆ ಕೊಡುವುದು ಮರೆತು ನನ್ನ ಮುಖ ನೋಡುತ್ತಿದ್ದ. ಎರಡನೆಯದು ಊಟ. ಎರಡು ವಾರ ಹೊಟ್ಟೆಗೆ ಅಯೋಡಿನ್ ಹೋಗಕೂಡದು. ಪ್ಯಾಕೆಟ್ ಉಪ್ಪು ಬೇಡ, ಹಾಲು ಬೇಡ, ಮೊಸರು ಬೇಡ, ಬೇಕರಿಯದು ಏನೂ ಬೇಡ. ಅಯೋಡಿನ್ ಸೇರಿಸದ ಸೈಂಧವ ಲವಣ ಮಾತ್ರ.

ಅತ್ತೆ ಈ ಪಟ್ಟಿ ಕೇಳಿ ಬಹಳ ಖುಷಿಪಟ್ಟರು. ಆಗ ಚಾತುರ್ಮಾಸ್ಯ. ನಮ್ಮಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ ಬಿಡುತ್ತಾರೆ. ಅತ್ತೆ ಒಂದು ವರ್ಷವೂ ತಪ್ಪಿಸಿದವರಲ್ಲ.

"ಸ್ವಾಮಿಗಳು ಒಂದೊಂದು ತಿಂಗಳು ಒಂದೊಂದು ಬಿಡಿಸ್ತಾರ. ನಿಮ್ಮ ಡಾಕ್ಟರ್ ಎಲ್ಲಾ ಒಮ್ಮೆಲೇ ಬಿಡಿಸ್ಯಾನ. ಯಾವ ಮಠದವನ ಅಂವ?" ಎಂದು ನಕ್ಕರು.

ಅವರು ನಕ್ಕರೆ ಮನೆಗೆ ಬೆಳಕು ಬರುತ್ತದೆ, ಅದನ್ನು ನಾನು ಅವರಿಗೆ ಹೇಳುವುದಿಲ್ಲ. ವಿಶ್ವಪ್ರಿಯ ಸೈಂಧವದ ಪ್ಯಾಕೆಟ್ ತಂದುಕೊಟ್ಟರು. ಅತ್ತೆ ಅದನ್ನು ಒಂದು ಭರಣಿಗೆ ಹಾಕಿ ಮೇಲಿನ ಗೂಡಿನಲ್ಲಿಟ್ಟರು. ಬೆಳಿಗ್ಗೆ ಬೇಗನೆ ಎದ್ದು ಸ್ನಾನ ಮಾಡಿ, ಒಣಗಿಸಿದ ಮಡಿಸೀರೆ ಉಟ್ಟು, ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ ಅಡುಗೆ ಮಾಡುತ್ತಾರೆ. ನೈವೇದ್ಯ ಆಗುವವರೆಗೆ ಅಡುಗೆಮನೆಯ ಹೊಸ್ತಿಲು ನಾವು ದಾಟುವಂತಿಲ್ಲ. ನೈವೇದ್ಯವಾದ ಮೇಲೆ ನನ್ನ ಡಬ್ಬಿ ಕಟ್ಟಿ ಹೊಸ್ತಿಲ ಹೊರಗಿಡುತ್ತಾರೆ. ನಾನು ಎತ್ತಿಕೊಂಡು ಸಿರುಗುಪ್ಪದ ಬಸ್ಸಿಗೆ ಓಡುತ್ತೇನೆ. ಎಷ್ಟೋ ವರ್ಷಗಳಿಂದ ಹೀಗೇ ನಡೆದಿದೆ, ಡಬ್ಬಿಯಲ್ಲಿ ಏನು ಬಿದ್ದಿದೆ ಎಂದು ನಾನು ಒಂದು ದಿನವೂ ಕೇಳಿದವಳಲ್ಲ.

ಬೆಂಗಳೂರಿಗೆ ಹೊರಡುವುದು ಬುಧವಾರ ಎಂದಾಗಿತ್ತು. ಹಿಂದಿನ ಭಾನುವಾರ ಮಧ್ಯಾಹ್ನ ಅತ್ತೆ ಹಜಾರದಲ್ಲಿ ಮೊರ ಹಿಡಿದು ಹೆಸರುಬೇಳೆ ಆರಿಸುತ್ತಿದ್ದರು. ನಾನು ಕಂಬಳಿ ಹೊದ್ದು ಎದುರಿಗೆ ಕೂತೆ. ವಾಪಸು ಬಂದ ಮೇಲೆ ಕೆಲವು ದಿನ ನಾನು ಒಂದು ಕೋಣೆಯಲ್ಲೇ ಇರಬೇಕು, ನನ್ನ ತಟ್ಟೆ ಲೋಟ ಬೇರೆ, ಬಟ್ಟೆ ಬೇರೆ, ಹತ್ತಿರ ಯಾರೂ ಬಂದು ಕೂರಕೂಡದು ಎಂದು ಅವರಿಗೆ ತಿಳಿಸಿ ಹೇಳಬೇಕಿತ್ತು.

"ಇದನ್ನ ನನಗ ಹೇಳಿಕೊಡ್ತೀಯೇನು?" ಎಂದರು ಅತ್ತೆ. "ಐವತ್ತು ವರ್ಷ ಮಡಿ ಮಾಡೀನಿ. ಯಾರನ್ನ ಮುಟ್ಟಬಾರದು, ಎಲ್ಲಿ ನಿಂದರಬೇಕು, ಬಟ್ಟಿ ಹೆಂಗ ಎತ್ತಬೇಕು, ಎಲ್ಲಾ ಗೊತ್ತದ. ನಿನ್ನ ಗಂಡಗ ಹೇಳು, ಅಂವಗ ಏನೂ ತಿಳಿಯಂಗಿಲ್ಲ."

ಆಮೇಲೆ ಬೇಳೆಯಲ್ಲಿ ಕೈಯಾಡಿಸುತ್ತಲೇ ಕೇಳಿದರು. "ಅವರು ಕೊಡೋ ಔಷಧ ಅಯೋಡಿನ್ ಅಂತಲ್ಲ, ವಿಶ್ವ ಅಂದ. ಉಪ್ಪಿನ ಪ್ಯಾಕೆಟ್ ಮ್ಯಾಲೆ ಬರದಿರ್ತದಲ್ಲ, ಅದೇ ಏನು?"

"ಅದೇ ಅತ್ತೆ. ಆದ್ರ ಅದಲ್ಲ."

"ಹಿಂಗ ಹೇಳಿದ್ರ ನಿನ್ನ ಹುಡುಗ್ರು ಹೆಂಗ ಪಾಸಾಗ್ತಾರವಾ?"

ನನಗೆ ಛಲ ಬಂತು. ಇವರಿಗೆ ತಿಳಿಸಿಯೇ ತೀರುತ್ತೇನೆ ಎಂದು ಕಂಬಳಿ ಸರಿಸಿ ನೆಟ್ಟಗೆ ಕೂತೆ.

"ಕರಜಿಕಾಯಿ ಮಾಡ್ತೀರಲ್ಲ. ಹಿಟ್ಟು ಒಂದೇ, ಅಚ್ಚು ಒಂದೇ. ಒಂದಕ್ಕ ಹೂರಣ ಅಳತಿಗೆ ಹಾಕಿದ್ರಿ, ಇನ್ನೊಂದಕ್ಕ ಜಾಸ್ತಿ ತುರುಕಿದ್ರಿ. ನೋಡಿದ್ರ ಗೊತ್ತಾಗ್ತದೇನು?"

"ನೋಡಿದ್ರ ಗೊತ್ತಾಗಂಗಿಲ್ಲ. ಕೈಯಾಗ ಹಿಡದ್ರ ಭಾರ ಇರ್ತದ."

"ಅಷ್ಟೇ. ಎರಡೂ ಕರಜಿಕಾಯಿನೇ, ಭಾರ ಬ್ಯಾರೆ. ಜಾಸ್ತಿ ತುರುಕಿದ್ದನ್ನ ಎಣ್ಣಿಗೆ ಬಿಟ್ರ?"

"ಒಡೀತದ. ಹೂರಣ ಎಲ್ಲಾ ಚೆಲ್ಲಿ ಬಾಂಡಲಿ ಕೆಡಿಸ್ತದ."

"ಆ ಒಡಿಯೋದೇ ಔಷಧ. ಉಪ್ಪಿನಾಗಿಂದು ಅಳತಿಗೆ ತುಂಬಿದ್ದು, ಒಡಿಯಂಗಿಲ್ಲ. ಆಸ್ಪತ್ರಿಯಾಗಿಂದು ಜಾಸ್ತಿ ತುಂಬಿದ್ದು. ನನ್ನ ಕುತ್ತಿಗ್ಯಾಗ ಉಳದಿರೋ ಕೆಟ್ಟವು ಅದನ್ನ ತಿನ್ನಬೇಕು. ಒಳಗ ಹೋಗಿ ಒಡದ್ರ ಅವು ಸಾಯ್ತಾವ. ಅವು ಗಬಗಬ ತಿನ್ನಲಿ ಅಂತ ಈಗ ಎರಡು ವಾರ ಉಪವಾಸ ಕೆಡವಿದ್ದು."

ಮೊರದ ಮೇಲಿನ ಕೈ ನಿಧಾನವಾಯಿತು. "ಮೊದಲೇ ಅವುಗಳ ಹೊಟ್ಟಿ ತುಂಬಿದ್ರ?"

"ತಿನ್ನಂಗಿಲ್ಲ. ಔಷಧ ಹಂಗೇ ಮೂತ್ರದಾಗ ಹೋಗ್ತದ. ವ್ಯರ್ಥ."

"ಅವಕ್ಕ ಗೊತ್ತಾಗಂಗಿಲ್ಲೇನು? ಇದು ಉಪ್ಪಿಂದು, ಇದು ಔಷಧದ್ದು ಅಂತ?"

"ಗೊತ್ತಾಗಂಗಿಲ್ಲ ಅತ್ತೆ. ಅವು ಭಾರ ನೋಡಂಗಿಲ್ಲ. ಅದಕ್ಕೇ ಈ ಔಷಧ ನಡೀತದ."

ನಾನು ಒಳಗೊಳಗೇ ಬೀಗುತ್ತಿದ್ದೆ. ಇಷ್ಟು ವರ್ಷದ ನನ್ನ ಪಾಠದಲ್ಲಿ ಹೀಗೆ ಒಂದರ ಹಿಂದೊಂದು ಸರಿಯಾದ ಪ್ರಶ್ನೆ ಕೇಳಿದವರು ಕಡಿಮೆ. ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಬೇಳೆ ಆರಿಸಿ ಮುಗಿದಿರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡರು, ಬಾಯಲ್ಲಿ ಏನೂ ಇರಲಿಲ್ಲ.

"ಶ್ರೀ, ನಾ ಹಾಕೀನಿ."

"ಏನು?"

"ಉಪ್ಪು. ಪ್ಯಾಕೆಟಿಂದು. ನಿನ್ನ ಅಡಗಿಗೆ ಸೈಂಧವನೇ ಹಾಕೀನಿ. ನೈವೇದ್ಯ ಆದಮ್ಯಾಲೆ ನಿನ್ನ ಡಬ್ಬಿಗೆ ಹಾಕೋ ಮುಂದ ಒಂದು ಚಿಟಿಕಿ ಬ್ಯಾರೆ ಹಾಕೀನಿ. ದಿನಾ. ನಿನ್ನ ಮುಖ ಊದಿತಲ್ಲ, ಆವಾಗಿಂದ ಜಾಸ್ತಿ ಹಾಕೀನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿರುಚಿದೆ. ಕಿರುಚಿದೆ ಎಂದುಕೊಂಡೆ, ಹೊರಬಂದದ್ದು ಬರೀ ಗಾಳಿ. ಸಿಟ್ಟು ಮಾಡಿಕೊಳ್ಳಲಿಕ್ಕೂ ದನಿ ಇಲ್ಲದವರ ಕಷ್ಟ ನಿಮಗೆ ತಿಳಿಯುವುದಿಲ್ಲ. ಅವರ ಮುಖದ ಹತ್ತಿರ ಮುಖ ತಂದು ಪಿಸುಗುಟ್ಟಬೇಕಾಯಿತು, ಬಾಯಿಗೆ ಬಂದದ್ದೆಲ್ಲ ಪಿಸುಗುಟ್ಟಿದೆ. ನಿಮ್ಮ ಮಡಿಗೆ ಬೆಂಕಿ ಬೀಳಲಿ ಎಂದೆ. ಒಳಗೆ ಯಾರನ್ನೂ ಬಿಡದೆ ಬಾಗಿಲ ಹಿಂದೆ ಇದನ್ನೇ ಮಾಡುತ್ತಿದ್ದಿರಾ ಎಂದೆ. ನಾನು ಸಾಯಲಿ ಎಂದಿದ್ದರೆ ನೇರವಾಗಿ ಹೇಳಬಹುದಿತ್ತು ಎಂದೂ ಅಂದೆ.

ಅತ್ತೆ ಹಿಂದೆ ಸರಿಯಲಿಲ್ಲ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು.

"ನೀ ಮದುವಿ ಆಗಿ ಬಂದಾಗ ಈ ಮನ್ಯಾಗ ಕಲ್ಲುಪ್ಪು ಇತ್ತು. ಅಯೋಡಿನ್ ಇಲ್ಲದ ಉಪ್ಪು ತಿಂದ್ರ ಕುತ್ತಿಗಿ ಊದ್ತದ ಅಂತ ನೀನೇ ಅಂದಿ. ಪಟ ತೋರಿಸಿದಿ, ಇಷ್ಟಿಷ್ಟು ದಪ್ಪ ಕುತ್ತಿಗಿ. ನಾನೂ ಹೆದರಿ, ಯಾರ್ಯಾರೋ ಮುಟ್ಟಿದ ಪ್ಯಾಕೆಟ್ ಮಡಿ ಅಡಗಿಗೆ ತಗೊಂಡೆ. ಈಗ ನಿನ್ನ ಕುತ್ತಿಗಿಗೇ ಬಂತು. ಮ್ಯಾಲೆ ಅಯೋಡಿನ್ ಬಿಡು ಅಂತಾರ. ಬಿಟ್ಟಮ್ಯಾಲೆ ಮುಖ ಊದಿತು. ನನಗ ಹೆಂಗ ತಿಳೀಬೇಕು? ಡಾಕ್ಟರ್ ಮಾತು ತಪ್ಪಿರಬೇಕು, ನನ್ನ ಸೊಸಿ ಮಾತು ಖರೇ ಇರಬೇಕು ಅನ್ಕೊಂಡೆ."

ನಾನು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರ ಮಾತು ಸರಿಯೇ ಇತ್ತು, ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಿತು.

ವಿಶ್ವಪ್ರಿಯ ಸೋಮವಾರ ಆಸ್ಪತ್ರೆಗೆ ಫೋನ್ ಮಾಡಿದರು. ಬರಬೇಡಿ ಎಂದರು ಆಸ್ಪತ್ರೆಯವರು. ಈಗ ಕೊಟ್ಟರೆ ಪ್ರಯೋಜನವಿಲ್ಲ, ಮತ್ತೆ ಮೊದಲಿನಿಂದ ಪಥ್ಯ ಮಾಡಿ, ಮೂರು ವಾರ ಬಿಟ್ಟು ಬನ್ನಿ, ಮಾತ್ರೆ ಮಾತ್ರ ಶುರು ಮಾಡಬೇಡಿ. ನನಗೆಂದು ತರಿಸಿದ ಔಷಧವನ್ನು ಎತ್ತಿಡಿ ಎಂದು ಇವರು ಕೇಳಿದ್ದಕ್ಕೆ ಫೋನಿನಲ್ಲಿದ್ದ ಹುಡುಗಿ ನಕ್ಕಳಂತೆ. ಅದು ಎಂಟು ದಿನಕ್ಕೆ ಒಡೆದೊಡೆದು ಅರ್ಧವಾಗುತ್ತದೆ, ಯಾರಿಗೂ ಕಾಯುವುದಿಲ್ಲ. ತಡವಾದರೆ ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಅವರಿಗೇನು, ಹೇಳುತ್ತಾರೆ. ಮಾತ್ರೆಯಿಲ್ಲದೆ ಇನ್ನೂ ಮೂರು ವಾರ ಈ ಮೈಯನ್ನು ಹೊತ್ತು ತಿರುಗಬೇಕಾದವಳು ನಾನು. ಮೂರು ವಾರದ ನಂತರವೂ ಔಷಧ ಹಿಡಿಯದಿದ್ದರೆ ಎಂಬ ಹೆದರಿಕೆ ಬೇರೆ.

ಅಂದಿನಿಂದ ಅತ್ತೆ ನನಗೆ ಅಡುಗೆ ಮಾಡುವುದನ್ನು ಬಿಟ್ಟರು. ಸೈಂಧವದ ಭರಣಿ ತಂದು ನನ್ನ ಕೋಣೆಯ ಬಾಗಿಲಲ್ಲಿಟ್ಟು, "ನಿನ್ನ ಅನ್ನ ನೀ ಮಾಡ್ಕೋ. ನನ್ನ ಕೈದು ಬ್ಯಾಡ" ಎಂದರು. ಸಿಟ್ಟಿನ ಮಾತಾಗಿದ್ದರೆ ನಾನೂ ಸಿಟ್ಟಿನಲ್ಲೇ ಉತ್ತರ ಕೊಡುತ್ತಿದ್ದೆ. ಅದು ಸಿಟ್ಟಾಗಿರಲಿಲ್ಲ. ತಮ್ಮ ಅಡುಗೆ ಮುಗಿಸಿ ಒಲೆ ಬಿಟ್ಟುಕೊಡುತ್ತಿದ್ದರು, ನಾನು ಒಳಗೆ ಹೋದರೆ ತಾವು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರು. ನಾನು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಸಾರು ಸೀಯಿಸಿದೆ. ಇನ್ನೊಂದು ದಿನ ಅನ್ನಕ್ಕೆ ನೀರಿಡಲು ಮರೆತೆ. ಹೊರಗಿನಿಂದ "ಶ್ರೀ, ವಾಸನಿ ಬರ್ಲಿಕತ್ತದ" ಎನ್ನುತ್ತಿದ್ದರೇ ಹೊರತು ಒಳಗೆ ಕಾಲಿಡಲಿಲ್ಲ. ಅರ್ಧ ಬೆಂದದ್ದನ್ನೇ ಉಂಡು ಸಿರುಗುಪ್ಪಕ್ಕೆ ಹೋಗುತ್ತಿದ್ದೆ. ರಜೆ ಹಾಕಬಹುದಿತ್ತು, ಆದರೆ ಮನೆಯಲ್ಲಿ ಅವರ ಮುಖ ನೋಡುತ್ತಾ ಕೂರುವುದಕ್ಕಿಂತ ತರಗತಿಯ ನಿಂತ ಫ್ಯಾನೇ ವಾಸಿ ಅನಿಸಿತ್ತು.

ಒಂದು ದಿನ ವಾಪಸು ಬರುವಾಗ ಬಸ್ಸು ತೆಕ್ಕಲಕೋಟೆ ದಾಟಿತ್ತು. ಕಿಟಕಿಯಾಚೆ ನಾಟಿ ಮಾಡಿದ ಗದ್ದೆಗಳು, ಕಾಲುವೆ ನೀರು. ಮಂಕು ಕವಿದ ತಲೆಯಲ್ಲಿ ಯೋಚನೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಲು ಅರ್ಧ ದಾರಿ ಬೇಕಾಗುತ್ತಿತ್ತು. ಆವತ್ತು ಅದು ಹೇಗೋ ಹೋಗಿ ಮುಟ್ಟಿತು.

ಅತ್ತೆ ಹೇಳದೇ ಇದ್ದಿದ್ದರೆ?

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಬುಧವಾರ ಹೋಗಿ ಔಷಧ ನುಂಗಿ ಬರುತ್ತಿದ್ದೆ. ಸ್ಕ್ಯಾನಿನಲ್ಲಿ ಅದು ಸರಿಯಾಗಿ ಹಿಡಿದಿರುತ್ತಿರಲಿಲ್ಲ. ಹೋಟೆಲಿನಲ್ಲಿ ಏನಾದರೂ ತಿಂದಿರಾ ಎಂದು ಡಾಕ್ಟರು ಕೇಳುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ, ಎಲ್ಲರೂ ಸೇರಿ ನನ್ನ ಹಣೆಬರಹವನ್ನು ಬಯ್ಯುತ್ತಿದ್ದೆವು. ಆ ಭಾನುವಾರ ಅತ್ತೆ ನನ್ನಿಂದ ಐಸೋಟೋಪು ಕಲಿತರು. ಕಲಿತ ತಕ್ಷಣ ತಾವು ಮಾಡಿದ್ದೇನೆಂದು ಅವರಿಗೆ ಗೊತ್ತಾಯಿತು. ಗೊತ್ತಾದದ್ದು ಅವರೊಬ್ಬರಿಗೆ ಮಾತ್ರ. ಬೇಳೆ ಆರಿಸುತ್ತಾ ಸುಮ್ಮನಿದ್ದುಬಿಡಬಹುದಿತ್ತು. ಸೊಸೆಯ ಬಾಯಿ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿದ್ದೂ ಹೇಳಿದರು. ಬಸ್ಸಿನಲ್ಲಿ ಜನರ ಮುಂದೆ ನನಗೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕವ್ವ, ಹೊಟ್ಟಿ ನೋವೇನು?" ಎಂದು ನೀರಿನ ಬಾಟಲಿ ಕೊಟ್ಟಳು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅತ್ತೆಯ ಎದುರು ನಿಂತೆ.

"ನಾಳಿಂದ ನನ್ನ ಅಡಗಿ ನೀವೇ ಮಾಡ್ರಿ."

ಅವರು ತಲೆ ಎತ್ತಲಿಲ್ಲ. "ನನ್ನ ನಂಬ್ತಿಯೇನು?"

"ನಿಮ್ಮ ಕೈ ನಂಬಂಗಿಲ್ಲ. ಅದು ಸುಮ್ಮನಿರಂಗಿಲ್ಲ, ಯಾರಾರ ಸೊರಗಿದ್ರ ಏನಾರ ಹಾಕ್ತದ. ಆದ್ರ ತಪ್ಪಾದ್ರ ನೀವು ಹೇಳ್ತೀರಿ. ಅದನ್ನ ನಂಬ್ತೀನಿ."

"ಅವತ್ತ ಏನೇನು ಅಂದಿ ನೀ ನನಗ."

"ಅಂದೀನಿ. ಅನ್ನಬಾರದಿತ್ತು ಅತ್ತೆ."

"ಅರ್ಧ ಕೇಳಿಸಿಲ್ಲ ಬಿಡು. ದನಿ ಎಲ್ಲದ ನಿನಗ?" ಎಂದು ಎದ್ದು ಕಾಲು ತೊಳೆಯಲು ಹೋದರು.

ಮರುದಿನ ಪ್ಯಾಕೆಟ್ ಉಪ್ಪು ಮನೆಯಿಂದಲೇ ಹೊರಗೆ ಹೋಯಿತು. ವಿಶ್ವಪ್ರಿಯರಿಗೂ ಸೈಂಧವ, ದೇವರಿಗೂ ಸೈಂಧವ. ಮಡಿಯಲ್ಲಿ ಎಳ್ಳಷ್ಟೂ ಸಡಿಲಿಕೆ ಇಲ್ಲ, ನಾನು ಹೊಸ್ತಿಲ ಹೊರಗೇ. ಆದರೆ ಪ್ರತಿದಿನ ಡಬ್ಬಿ ಕಟ್ಟುವಾಗ ಒಳಗಿನಿಂದ ದೊಡ್ಡ ದನಿ ಬರುತ್ತಿತ್ತು. "ಸೈಂಧವ ಹಾಕೀನಿ! ಹಾಲಿಲ್ಲ, ಮೊಸರಿಲ್ಲ, ಬ್ಯಾರೆ ಏನೂ ಇಲ್ಲ!" ಬೀದಿಗೆಲ್ಲ ಕೇಳಿಸುತ್ತಿತ್ತು. ತರಕಾರಿ ಗಾಡಿಯ ಎರ್ರಣ್ಣ ಒಂದು ದಿನ, "ಯಾರಿಗೆ ಲೆಕ್ಕ ಒಪ್ಪಿಸ್ತಾರ ಅಮ್ಮನೋರು?" ಎಂದು ಕೇಳಿದ. ಪ್ರಾರ್ಥನೆ ಎಂದೆ.

ಮೂರು ವಾರ ಹೇಗೋ ಕಳೆಯಿತು. ಬೆಂಗಳೂರಿನಲ್ಲಿ ಸೀಸದ ಡಬ್ಬಿಯೊಳಗಿಂದ ಇಕ್ಕಳದಲ್ಲಿ ಎತ್ತಿ ಒಂದು ಕ್ಯಾಪ್ಸೂಲ್ ಕೊಟ್ಟರು. ಕೊಟ್ಟವನು ತೋಳು ಪೂರ್ತಿ ಚಾಚಿದ್ದ, ಮೈಯನ್ನು ಹಿಂದೆ ಎಳೆದುಕೊಂಡಿದ್ದ. ಒಂದು ಗುಟುಕು ನೀರಿನಲ್ಲಿ ಅದು ಹೋಯಿತು. ರುಚಿಯಿಲ್ಲ, ವಾಸನೆಯಿಲ್ಲ. ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಊಟವನ್ನು ಬಾಗಿಲ ಹೊರಗಿಟ್ಟು, ಗಂಟೆ ಒತ್ತಿ, ತಂದವರು ಹೋದ ಮೇಲೆ ನಾನು ಎತ್ತಿಕೊಳ್ಳಬೇಕು. ಅದು ನನಗೆ ಹೊಸದೆನಿಸಲಿಲ್ಲ. ಅತ್ತೆ ದಿನಾ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಉಪ್ಪು ಯಾವುದು ಹಾಕ್ಯಾರ?"

ಕೊನೆಗೆ ಸ್ಕ್ಯಾನ್ ಮಾಡಿದರು. ಡಾಕ್ಟರು ಚಿತ್ರ ತೋರಿಸಿ, ಕುತ್ತಿಗೆಯಲ್ಲಿ ಎಲ್ಲಿ ಬೇಕೋ ಅಲ್ಲಿ ಚೆನ್ನಾಗಿ ಹಿಡಿದಿದೆ, ರೋಗ ಬೇರೆಲ್ಲೂ ಹರಡಿಲ್ಲ ಎಂದರು. ವಿಶ್ವಪ್ರಿಯ ಕಣ್ಣೊರೆಸಿಕೊಂಡರು. ನಾನು ಕೈ ಮುಗಿದೆ.

ಬಳ್ಳಾರಿಗೆ ಬಂದ ಮೇಲೆ ನಾನು ಹಿಂದಿನ ಕೋಣೆ ಸೇರಿದೆ. ಅತ್ತೆ ಆಗಲೇ ಎಲ್ಲ ಸಿದ್ಧ ಮಾಡಿದ್ದರು. ಮೂಲೆಯಲ್ಲಿ ಹಾಸಿಗೆ, ಬೇರೆ ತಟ್ಟೆ ಲೋಟ, ಬಟ್ಟೆ ಹಾಕಲು ಬೇರೆ ಬಕೆಟ್ಟು. ಬಾಗಿಲಲ್ಲಿ ಸೀಮೆಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದಿದ್ದರು, ಮಗ ದಾಟಿಬಿಟ್ಟಾನು ಎಂದು. ತಾವು ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಫೋಟೋ ತಗದಾರಂತಲ್ಲ, ತೋರಿಸು."

ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಬ್ಬು ಮಬ್ಬಾದ ಮನುಷ್ಯಾಕಾರ, ಕುತ್ತಿಗೆಯ ಜಾಗದಲ್ಲಿ ಒಂದು ಗಟ್ಟಿ ಕಪ್ಪು ಚುಕ್ಕೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ದೂರದಿಂದಲೇ ಬಾಗಿ ನೋಡಿದರು.

"ಆ ಕರೀದು ಏನು?"

"ಔಷಧ ಅತ್ತೆ. ಅಲ್ಲಿ ಕೂತದ. ಇನ್ನ ಒಡೀಲಿಕತ್ತದ."

"ಎಲ್ಲಾ ಔಷಧನೇ? ನಾ ಹಾಕಿದ್ದು ಏನೂ ಉಳದಿಲ್ಲೇನು?"

ಆ ಪ್ರಶ್ನೆಗೆ ರಸಾಯನಶಾಸ್ತ್ರದ ಉತ್ತರ ಬೇರೆಯಿದೆ. ಉಪ್ಪಿನ ಅಯೋಡಿನ್ ಒಡೆಯುವುದೇ ಇಲ್ಲ, ಆದ್ದರಿಂದ ಇಂಥ ಚಿತ್ರದಲ್ಲಿ ಕಾಣುವುದೂ ಇಲ್ಲ. ಇದ್ದರೂ ಕಾಣುವುದಿಲ್ಲ. ಆದರೆ ಅದು ಅಲ್ಲಿ ತುಂಬಿಕೊಂಡಿದ್ದರೆ ಈ ಕಪ್ಪು ಇಷ್ಟು ಗಟ್ಟಿಯಾಗಿ ಮೂಡುತ್ತಿರಲಿಲ್ಲ, ಅದೂ ಅಷ್ಟೇ ನಿಜ.

"ಏನೂ ಉಳದಿಲ್ಲ ಅತ್ತೆ. ಉಳದಿದ್ರ ಇದು ಇಷ್ಟು ಕರ್ರಗ ಬರ್ತಿರಲಿಲ್ಲ."

ಅತ್ತೆ ನಿಂತಲ್ಲೇ ಕುಸಿದು ಕೂತರು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಾವನವರು ಹೋದಾಗಲೂ ಅವರು ಹೀಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮೂರು ವಾರವೂ ಅವರು ನನ್ನ ಸಾವನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಅಡುಗೆ ಮಾಡಿದ್ದರು. ನನಗೆ ಅದು ಆವಾಗ ತಿಳಿಯಿತು.

ಎದ್ದು ಹೋಗಿ ಅವರ ಬೆನ್ನು ಸವರಬೇಕು ಅನಿಸಿತು. ಹೊಸ್ತಿಲವರೆಗೂ ಹೋದೆ. ಅವರು ಅಳುತ್ತಲೇ ಕೈ ಅಡ್ಡ ಹಿಡಿದು, "ಮುಟ್ಟಬ್ಯಾಡ, ಮುಟ್ಟಬ್ಯಾಡ" ಎಂದರು. ಎಷ್ಟೋ ವರ್ಷ ಅಡುಗೆಮನೆಯಿಂದ ಕೇಳಿದ ಅದೇ ಮಾತು. ಈ ಸಲ ಮುಟ್ಟಿಸಿಕೊಳ್ಳಬಾರದವಳು ನಾನಾಗಿದ್ದೆ. ಗೆರೆಯ ಈಚೆ ನೆಲದ ಮೇಲೆ ಕೂತು, ಆ ಹರಿದ ದನಿಯಲ್ಲೇ, ಅವರ ಅಳು ನಿಲ್ಲುವವರೆಗೆ ಏನೇನೋ ಮಾತಾಡುತ್ತಾ ಇದ್ದೆ.